ಸಮಾಜಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿಯಲ್ಲಿ ವಿದ್ಯಾರ್ಥಿಗಳು, ಕಾಲೇಜಿಗೆ ಸೇರಿಸಲು ಬಂದ ತಂದೆತಾಯಂದಿರು, ಸಮೀಕ್ಷೆಗೆ ಹೋದಾಗ ಜಗಲಿಯ ಮೇಲೆ ಕೂತ ಹಿರಿಯರು, ಆಗಾಗ ಪತ್ರ ಬರೆಯುವ ಓದುಗರು ಇಷ್ಟು ವರ್ಷಗಳಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಆರಿಸಿ ಉತ್ತರಿಸಲಾಗಿದೆ. ಪ್ರಶ್ನೆಗಳ ಧಾಟಿಯನ್ನು ಕೇಳಿದವರ ಬಾಯಲ್ಲಿ ಬಂದ ಹಾಗೆಯೇ ಉಳಿಸಿಕೊಂಡಿದ್ದೇನೆ. ಉದಾಹರಣೆಗಳನ್ನು ಆದಷ್ಟೂ ಹಳೆಯ ಮೈಸೂರು ಸೀಮೆಯ ಅಧ್ಯಯನಗಳಿಂದ ತೆಗೆದುಕೊಂಡಿದ್ದೇನೆ.

## ಮೊದಲ ಪರಿಚಯ

ಸಮಾಜಶಾಸ್ತ್ರ ಅಂದರೆ ಹೈಸ್ಕೂಲಿನ ಸಮಾಜ ವಿಜ್ಞಾನವೇ ತಾನೇ?

ಅಲ್ಲ. ಹೈಸ್ಕೂಲಿನ ಸಮಾಜ ವಿಜ್ಞಾನವು ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮುಂತಾದವನ್ನು ಒಂದೇ ರಟ್ಟಿನೊಳಗೆ ಸೇರಿಸಿದ ಪಠ್ಯ. ಸಮಾಜಶಾಸ್ತ್ರಕ್ಕೆ ಅದರಲ್ಲಿ ಕೆಲವೇ ಅಧ್ಯಾಯಗಳ ಜಾಗವಿದೆ. ಯಾರು ಯಾರನ್ನು ಮದುವೆಯಾಗುತ್ತಾರೆ, ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ, ಪಂಚಾಯಿತಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮಕ್ಕಳು ನಡುವೆಯೇ ಶಾಲೆ ಬಿಡುತ್ತಾರೆ ಎಂಬಂಥ ಸಂಗತಿಗಳಲ್ಲಿ ಕಾಣುವ ಕ್ರಮವನ್ನು ಸಾಕ್ಷ್ಯಾಧಾರಗಳ ಮೇಲೆ ಗುರುತಿಸಿ, ಅದು ಹಾಗೇಕಿದೆ ಎಂದು ವಿಚಾರಿಸುವುದು ಸಮಾಜಶಾಸ್ತ್ರದ ಕೆಲಸ. ಈ ಶಾಸ್ತ್ರಕ್ಕೆ ಹೆಸರು ಕೊಟ್ಟವನು ಫ್ರಾನ್ಸಿನ ಆಗಸ್ಟ್ ಕಾಮ್ಟ್, 1830ರ ದಶಕದ ಕೊನೆಯಲ್ಲಿ. ನಮ್ಮ ದೇಶದಲ್ಲಿ 1919ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ವಿಭಾಗ ಶುರುವಾಯಿತು. ಅಲ್ಲಿ ಜಿ. ಎಸ್. ಘುರ್ಯೆಯವರ ಕೈಕೆಳಗೆ ಪಳಗಿದ ಮೈಸೂರಿನ ಎಂ. ಎನ್. ಶ್ರೀನಿವಾಸ್ (1916–1999) ಅವರ ಹೆಸರು ಮುಂದಿನ ಉತ್ತರಗಳಲ್ಲಿ ಹಲವು ಸಲ ಬರುತ್ತದೆ.

ನಮ್ಮ ಜನ ಹೇಗೆ ಅಂತ ನಮಗೇ ಗೊತ್ತಿದೆ. ಅದರಲ್ಲಿ ಓದುವುದೇನಿದೆ?

ಗೊತ್ತಿರುವುದಕ್ಕೂ ಗಮನಿಸಿರುವುದಕ್ಕೂ ನಡುವೆ ಅಂತರವಿದೆ. ಕನ್ನಡದ 'ಅತ್ತೆ' ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ತಂದೆಯ ಸೋದರಿ ಅತ್ತೆ, ತಾಯಿಯ ಸೋದರನ ಹೆಂಡತಿ ಅತ್ತೆ, ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆ. ಹಿಂದಿಯಲ್ಲಿ ಈ ಮೂವರಿಗೆ ಬುವಾ, ಮಾಮಿ, ಸಾಸ್ ಎಂದು ಮೂರು ಬೇರೆ ಹೆಸರುಗಳಿವೆ. ನಮಗೆ ಒಂದೇ ಹೆಸರು ಸಾಕಾದದ್ದು ಪದಗಳ ಬಡತನದಿಂದಲ್ಲ. ಅತ್ತೆಯ ಮಕ್ಕಳನ್ನೋ ಸೋದರಮಾವನ ಮಕ್ಕಳನ್ನೋ ಮದುವೆಯಾಗುವ ರೂಢಿ ಇರುವ ಕಡೆ ಸೋದರತ್ತೆಯೇ ಹೆಣ್ಣು ಕೊಟ್ಟ ಅತ್ತೆಯಾಗುತ್ತಾಳೆ, ಸೋದರಮಾವನೇ ಮಾವನಾಗುತ್ತಾನೆ. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರೇ ಆದ್ದರಿಂದ ಅಲ್ಲಿ ಮದುವೆಯ ಮಾತೇ ಏಳುವುದಿಲ್ಲ. ಮದುವೆಗೆ ಸಲ್ಲುವವರು ಯಾರು, ಸಲ್ಲದವರು ಯಾರು ಎಂಬ ಇಡೀ ನಿಯಮ ನಾವು ದಿನವೂ ಕೂಗಿ ಕರೆಯುವ ಹೆಸರುಗಳಲ್ಲೇ ಅಡಗಿದೆ.

ಉತ್ತರ ಮತ್ತು ದಕ್ಷಿಣ ಭಾರತದ ಈ ವ್ಯತ್ಯಾಸವನ್ನು ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಬಂಧುತ್ವದ ಅಧ್ಯಯನದಲ್ಲಿ ವಿಸ್ತಾರವಾಗಿ ತೋರಿಸಿದರು. ಉತ್ತರದಲ್ಲಿ ಹೆಣ್ಣು ಗುರುತಿಲ್ಲದ ಊರಿಗೆ, ಗುರುತಿಲ್ಲದ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ದಕ್ಷಿಣದಲ್ಲಿ ಬಹುಪಾಲು ಮೊದಲೇ ಬಲ್ಲ ಬಳಗದೊಳಗೇ ಉಳಿಯುತ್ತಾಳೆ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದ ಮದುವೆಗಳನ್ನು ನಿಷೇಧಿಸಿದರೂ ಇಬ್ಬರ ಕಡೆಯೂ ಅಂಥ ಮದುವೆ ರೂಢಿಯಲ್ಲಿದ್ದರೆ ಅದಕ್ಕೆ ವಿನಾಯಿತಿ ಕೊಟ್ಟಿದೆ. ಅಕ್ಕನ ಮಗಳನ್ನು ತಂದುಕೊಂಡ ನಮ್ಮ ಎಷ್ಟೋ ಮನೆಗಳು ಕಾನೂನಿನ ಕಣ್ಣಿಗೆ ಸರಿಯಾಗಿರುವುದು ಆ ಒಂದು ಸಾಲಿನಿಂದ.

ಮನೋವಿಜ್ಞಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮನೋವಿಜ್ಞಾನ ವ್ಯಕ್ತಿಯ ಮನಸ್ಸಿನಿಂದ ಹೊರಟರೆ ಸಮಾಜಶಾಸ್ತ್ರ ಗುಂಪಿನ ಲಕ್ಷಣಗಳಿಂದ ಹೊರಡುತ್ತದೆ. 1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಉದ್ದೇಶಪೂರ್ವಕವಾಗಿಯೇ ಆತ್ಮಹತ್ಯೆಯನ್ನು ಅಧ್ಯಯನಕ್ಕೆ ಆರಿಸಿಕೊಂಡ. ಇಷ್ಟು ಖಾಸಗಿಯಾದ ಕೃತ್ಯದ ಪ್ರಮಾಣವೂ ದೇಶದಿಂದ ದೇಶಕ್ಕೆ, ಪಂಥದಿಂದ ಪಂಥಕ್ಕೆ ಬೇರೆಯಾಗಿದ್ದು ಒಂದು ಸಮಾಜದೊಳಗೆ ವರ್ಷದಿಂದ ವರ್ಷಕ್ಕೆ ಹೆಚ್ಚೂಕಡಿಮೆ ಸ್ಥಿರವಾಗಿರುವುದನ್ನು ಅಂಕಿಅಂಶಗಳಿಂದ ತೋರಿಸಿ, ವ್ಯಕ್ತಿಯನ್ನು ಗುಂಪಿಗೆ ಕಟ್ಟಿಹಾಕಿರುವ ನಂಟಿನ ಬಿಗಿಯಲ್ಲಿ ಅವನು ಕಾರಣವನ್ನು ಹುಡುಕಿದ. ಅವನ ಅಂಕಿಅಂಶಗಳ ಮೇಲೆ ನಂತರ ಸಾಕಷ್ಟು ಆಕ್ಷೇಪಗಳು ಬಂದವು. ಅವನು ಹಾಕಿದ ಪ್ರಶ್ನೆ ಮಾತ್ರ ಇಂದಿಗೂ ಹಳತಾಗಿಲ್ಲ.

ಮಗಳು ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ ಸಾರ್?

ಅಧ್ಯಾಪನ, ಸಮೀಕ್ಷಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಆರೋಗ್ಯ ಮತ್ತು ಗ್ರಾಮೀಣಾಭಿವೃದ್ಧಿ ಯೋಜನೆಗಳು, ಸ್ಪರ್ಧಾತ್ಮಕ ಪರೀಕ್ಷೆಗಳು, ಇವು ಸಾಮಾನ್ಯ ದಾರಿಗಳು. ಇತ್ತೀಚೆಗೆ ಗ್ರಾಹಕರ ಅಧ್ಯಯನ ನಡೆಸುವ ಕಂಪನಿಗಳೂ ಕ್ಷೇತ್ರಕಾರ್ಯ ಬಲ್ಲವರನ್ನು ಕೇಳಿಕೊಂಡು ಬರುತ್ತವೆ. ಪದವಿಯ ಹೆಸರಿಗಿಂತ ಅಂಕಿಅಂಶ ಓದುವ, ನೇರವಾಗಿ ಬರೆಯುವ ಅಭ್ಯಾಸಕ್ಕೆ ಹೆಚ್ಚು ಬೆಲೆ ಇದೆಯೆಂದು ಮಗಳಿಗೆ ತಿಳಿಸಿ.

## ಕೆಲಸದ ರೀತಿ

ಪ್ರಯೋಗಾಲಯವೇ ಇಲ್ಲ, ಇದನ್ನು ವಿಜ್ಞಾನ ಅಂತ ಹೇಗೆ ಕರೆಯುತ್ತೀರಿ?

ಒಂದು ಊರಿಗೆ ನೀರು ಕೊಟ್ಟು ಪಕ್ಕದ ಊರಿಗೆ ಕೊಡದೆ ಇಪ್ಪತ್ತು ವರ್ಷ ಕಾದು ನೋಡುವ ಅಧಿಕಾರ ಯಾವ ಸಂಶೋಧಕನಿಗೂ ಇಲ್ಲ. ಆದರೆ ಇತಿಹಾಸ ಒಮ್ಮೊಮ್ಮೆ ಅಂಥ ಪ್ರಯೋಗವನ್ನು ತಾನಾಗಿಯೇ ಮಾಡಿಟ್ಟಿರುತ್ತದೆ. ಮಂಡ್ಯ ಸೀಮೆಯ ಕಥೆ ಅಂಥದ್ದು.

ಕನ್ನಂಬಾಡಿ ಕಟ್ಟೆಯಿಂದ ಹೊರಟ ನಾಲೆ ಆ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮಳೆಯನ್ನೇ ನಂಬಿದ್ದ ಖುಷ್ಕಿ ಜಮೀನನ್ನು ನೀರಾವರಿಯ ತರಿಯನ್ನಾಗಿಸಿತು. 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಅಲ್ಲಿ ತಂಗಿ, ಒಂದಕ್ಕೊಂದು ಹತ್ತಿರದ ಎರಡು ಹಳ್ಳಿಗಳನ್ನು ಹೋಲಿಸಿದರು. ವಂಗಲ ಎಂದು ಆಕೆ ಹೆಸರಿಟ್ಟ ಊರಿಗೆ ನಾಲೆಯ ನೀರು ಹರಿಯಿತು. ದಲೇನ ಎಂದು ಕರೆದ ಊರು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅದರ ಭೂಮಿ ಒಣಗಿಯೇ ಉಳಿಯಿತು. ನೀರು ಕಂಡ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಎಣಿಸುತ್ತಾರೆ. ನಾನು ತರಗತಿಯಲ್ಲಿ ಈ ಪ್ರಶ್ನೆ ಹಾಕಿದಾಗಲೆಲ್ಲ ಬಹುತೇಕ ಕೈಗಳು ವಂಗಲದ ಪರವಾಗಿಯೇ ಏಳುತ್ತವೆ.

ಆಕೆಗೆ ಕಂಡದ್ದು ಬೇರೆ. ವಂಗಲದ ಜನ ಕಬ್ಬು ಹಾಕಿ ಕಾಸು ಕಂಡರು. ಆದರೆ ಅವರು ಬೇಸಾಯಗಾರರಾಗಿಯೇ ಉಳಿದರು. ಹೊಲಕ್ಕೆ ಮೊದಲಿಗಿಂತ ಹೆಚ್ಚು ಆಳು ಬೇಕಾದ್ದರಿಂದ ಒಕ್ಕಲುಮನೆಗಳಿಗೂ ಅವರ ಹಳೇಮಕ್ಕಳಿಗೂ, ಎಂದರೆ ತಲೆಮಾರಿನಿಂದ ವರ್ಷಕ್ಕಿಷ್ಟು ದವಸ ಪಡೆದು ದುಡಿಯುತ್ತಿದ್ದ ದಲಿತ ಕುಟುಂಬಗಳಿಗೂ ಇದ್ದ ಸಂಬಂಧ ಮುಂದುವರಿಯಿತು. ಊರಿನ ಹಳೆಯ ಅಧಿಕಾರದ ಕಟ್ಟೂ ಬಹುಪಾಲು ಹಾಗೇ ಇತ್ತು. ಸುತ್ತಲೂ ಹಸಿರು ಕಂಡು ತಮ್ಮ ಹೊಲ ಮಾತ್ರ ಒಣಗಿದ್ದ ದಲೇನದವರು ಬೇರೆ ದಾರಿ ಹಿಡಿದರು. ಪಕ್ಕದ ಊರುಗಳಲ್ಲಿ ತರಿ ಜಮೀನು ಕೊಂಡರು, ಮಂಡ್ಯದಲ್ಲಿ ಕೆಲಸಕ್ಕೆ ಸೇರಿದರು, ವ್ಯಾಪಾರಕ್ಕೆ, ಗುತ್ತಿಗೆಗೆ ಇಳಿದರು. ಹೊರಗಿನ ಸಂಪರ್ಕ ಹೆಚ್ಚಿದಂತೆ ಹಳೇಮಕ್ಕಳ ಪದ್ಧತಿ ಸಡಿಲವಾಯಿತು, ಊರಿನ ಯಜಮಾನಿಕೆಗೆ ಹೊಸಬರು ಸವಾಲು ಹಾಕಿದರು. ಆರ್ಥಿಕ ಬದಲಾವಣೆ ಎಲ್ಲ ಕಡೆಯೂ ಸಾಮಾಜಿಕ ಬದಲಾವಣೆಯನ್ನು ತಂದೇ ತರುತ್ತದೆ ಎಂಬ ಊಹೆ ಇಲ್ಲಿ ಬಿದ್ದುಹೋಯಿತು. ಹೊಸ ಆದಾಯ ಹಳೆಯ ದುಡಿಮೆಯ ಸಂಬಂಧಗಳ ಮೂಲಕವೇ ಬಂದರೆ ಆ ಸಂಬಂಧಗಳು ಇನ್ನಷ್ಟು ಗಟ್ಟಿಯಾಗಬಹುದು ಎಂಬ ಹೆಚ್ಚು ನಿಖರವಾದ ವಾದ ಅದರ ಜಾಗಕ್ಕೆ ಬಂತು. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಆ ಊರುಗಳಿಗೆ ಹೋಗಿ ತಮ್ಮ ನಿಲುವನ್ನು ತಾವೇ ಪರೀಕ್ಷೆಗೊಡ್ಡಿದರು.

ಊಹೆಯನ್ನು ಮೊದಲೇ ಹೇಳುವುದು, ಅದು ಸುಳ್ಳಾಗಲು ಅವಕಾಶವಿರುವ ಕಡೆ ಹೋಗಿ ನೋಡುವುದು, ಸುಳ್ಳಾದಾಗ ಒಪ್ಪಿಕೊಳ್ಳುವುದು, ಇಷ್ಟು ಇದ್ದರೆ ನನ್ನ ಮಟ್ಟಿಗೆ ವಿಜ್ಞಾನ ಎಂಬ ಹೆಸರಿಗೆ ಅಡ್ಡಿಯಿಲ್ಲ.

ಸಮೀಕ್ಷೆಯವರು ಬಂದು ಕೇಳಿದರೆ ಜನ ನಿಜ ಹೇಳುತ್ತಾರಾ?

ಜಮೀನು ಮತ್ತು ಆದಾಯವನ್ನು ಕಡಿಮೆ ಹೇಳುವುದು, ಮಗಳ ಮದುವೆಯ ವಯಸ್ಸನ್ನು ಹದಿನೆಂಟಕ್ಕೆ ಏರಿಸುವುದು, ಇವೆಲ್ಲ ನಿರೀಕ್ಷಿತ. ಅದಕ್ಕಿಂತ ದೊಡ್ಡ ತೊಡಕೆಂದರೆ ಜನ ಪ್ರಾಮಾಣಿಕವಾಗಿ ಕೊಟ್ಟ ಉತ್ತರವೇ ತಪ್ಪಾಗಿರುವುದು, ಅದಕ್ಕೆ ಕೇಳಿದವರೇ ಹೊಣೆಯಾಗಿರುವುದು.

ವಿದ್ಯಾರ್ಥಿಯಾಗಿದ್ದಾಗ ನಾನು ಮನೆಮನೆ ಸಮೀಕ್ಷೆಗೆ ಹೋಗಿದ್ದೆ. ಒಬ್ಬ ಹೆಂಗಸು ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದರು. "ನೀವೇನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದೆ. "ನಾನೇನ್ ಮಾಡ್ಲಪ್ಪ, ಮನೇಲೇ ಇರ್ತೀನಿ" ಎಂದರು. ಕೈ ನಿಲ್ಲಲಿಲ್ಲ. ನಾನು 'ಗೃಹಿಣಿ, ಕೆಲಸವಿಲ್ಲ' ಎಂದು ಬರೆದುಕೊಂಡು ಎದ್ದೆ. ಹೊರಡುವಾಗ ಬಾಗಿಲ ಪಕ್ಕದ ಗೂಡಿನಲ್ಲಿ ಡೇರಿಯ ಹಾಲಿನ ಪುಸ್ತಕ ಕಂಡಿತು. ಎರಡು ಹೊತ್ತೂ ಹಾಲು ಕರೆದು ಡೇರಿಗೆ ಹಾಕುತ್ತಿದ್ದವರು ಆಕೆ, ಪುಸ್ತಕದ ಮೇಲಿದ್ದ ಹೆಸರು ಗಂಡನದು. ನನ್ನ ನಮೂನೆಯಲ್ಲಿ ಆ ಹಾಲಿನ ಆದಾಯ ಗಂಡನ ಖಾತೆಗೆ ಸೇರಿತ್ತು. ಆಕೆ ಸುಳ್ಳು ಹೇಳಿರಲಿಲ್ಲ. 'ಕೆಲಸ' ಎಂದರೆ ಸಂಬಳ ತರುವಂಥದ್ದು ಎಂಬ ಅರ್ಥದಲ್ಲಿ ಸರಿಯಾಗಿಯೇ ಉತ್ತರಿಸಿದ್ದರು.

ಆದ್ದರಿಂದ ಅನುಭವಿಗಳು 'ಏನು ಕೆಲಸ' ಎನ್ನದೆ 'ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ' ಎಂದು ಗಂಟೆಗಳ ಲೆಕ್ಕದಲ್ಲಿ ಕೇಳುತ್ತಾರೆ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆಯ ಸಮೀಕ್ಷೆ ಇದೇ ಕ್ರಮದ್ದು. ಜನಗಣತಿಯಲ್ಲಿ ವರ್ಷಕ್ಕೆ 183 ದಿನ ಅಥವಾ ಹೆಚ್ಚು ದುಡಿದವರನ್ನು ಮುಖ್ಯ ದುಡಿಮೆಗಾರರೆಂದೂ ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ದುಡಿಮೆಗಾರರೆಂದೂ ವಿಂಗಡಿಸುವುದರಿಂದ, ಹೆಂಗಸರ ದುಡಿಮೆಯ ಅಂಕಿಗಳನ್ನು ಓದುವಾಗ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಲಾಗಿತ್ತು ಎಂಬುದನ್ನು ಮೊದಲು ನೋಡಬೇಕು.

ಸಾವಿರ ಜನರನ್ನು ಕೇಳಿ ಆರು ಕೋಟಿ ಜನರ ಬಗ್ಗೆ ಹೇಳುವುದು ಮೋಸವಲ್ಲವೇ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂದು ಹಿರಿಯರು ಹೇಳುತ್ತಾರೆ. ಪಾತ್ರೆಯ ಉದ್ದಕ್ಕೂ ಕಾವು ಒಂದೇ ಸಮ ಹರಡಿರುವುದರಿಂದ ಅಲ್ಲಿ ಒಂದಗುಳು ಸಾಕಾಗುತ್ತದೆ. ಸಮಾಜ ಹಾಗೆ ಒಂದೇ ಸಮ ಬೆಂದಿರುವುದಿಲ್ಲವಾದ್ದರಿಂದ ಅಗುಳುಗಳನ್ನು ಎಲ್ಲ ಕಡೆಯಿಂದಲೂ, ಆರಿಸುವವರ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲದಂತೆ ತೆಗೆಯಬೇಕು. ಹಾಗೆ ತೆಗೆದರೆ ಸಾವಿರ ಜನರ ಮಾದರಿಯಲ್ಲಿ ಬರುವ ತಪ್ಪು ಸಾಮಾನ್ಯವಾಗಿ ಶೇಕಡಾ 3ರ ಆಚೀಚೆ ಇರುತ್ತದೆ. ರಾಜ್ಯದ ಜನಸಂಖ್ಯೆ ಆರು ಕೋಟಿಯೋ ಅರವತ್ತು ಲಕ್ಷವೋ ಎಂಬುದರಿಂದ ಈ ಲೆಕ್ಕ ಹೆಚ್ಚೇನೂ ಬದಲಾಗದು.

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಫಲ ಸರಿಬರುವುದಿಲ್ಲ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಪಾಠದಂತಿದೆ. ಒಂದು ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು, ಗೆದ್ದವರು ರೂಸ್‌ವೆಲ್ಟ್. ವಿಳಾಸಗಳನ್ನು ಮುಖ್ಯವಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ತೆಗೆಯಲಾಗಿತ್ತು. ಬಹಳ ಚಿಕ್ಕ ಮಾದರಿಯನ್ನು ಎಚ್ಚರದಿಂದ ಆರಿಸಿದ್ದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದ್ದರು. ಇಂದು ಮೊಬೈಲಿನಲ್ಲಿ ಲಕ್ಷಗಟ್ಟಲೆ ಜನ ಮತ ಒತ್ತಿದ 'ಸಮೀಕ್ಷೆ'ಗಳನ್ನು ಕಂಡಾಗ ನನಗೆ ಆ ಪತ್ರಿಕೆಯ ನೆನಪಾಗುತ್ತದೆ.

ಒಂದು ಹಳ್ಳಿಯಲ್ಲಿ ವರ್ಷಗಟ್ಟಲೆ ಕೂತು ಹರಟುವುದೂ ಸಂಶೋಧನೆಯೇ?

ಹರಟೆಯಲ್ಲೇ ಸಿಗುವ, ಪ್ರಶ್ನಾವಳಿಗೆ ಎಂದೂ ಸಿಗದ ಸಂಗತಿಗಳಿವೆ. 1948ರಲ್ಲಿ ಶ್ರೀನಿವಾಸ್ ಮೈಸೂರಿನ ಬಳಿಯ, ತಾವು ರಾಂಪುರ ಎಂದು ಕರೆದ ಹಳ್ಳಿಗೆ ಹೋಗಿ ಉಳಿದರು. ಜಾತಿ ಎಂದರೆ ನಾಲ್ಕು ವರ್ಣಗಳ ಅಚ್ಚುಕಟ್ಟಾದ ಏಣಿ ಎಂದು ಶಾಸ್ತ್ರಗ್ರಂಥಗಳ ಆಧಾರದ ಮೇಲೆ ಬರೆಯುತ್ತಿದ್ದ ಕಾಲವದು. ಊರಲ್ಲಿ ಕೂತು ನೋಡಿದರೆ ಏಣಿಯ ನಡುವಿನ ಮೆಟ್ಟಿಲುಗಳೇ ಅಸ್ಪಷ್ಟ. ತಾವು ಮೇಲು ಎಂದು ಒಂದು ಜಾತಿಯವರು ಹೇಳಿದರೆ ಅದನ್ನು ಪಕ್ಕದ ಜಾತಿಯವರು ಒಪ್ಪುತ್ತಿರಲಿಲ್ಲ. ಯಾರ ಕೈಯ ನೀರು ಯಾರು ಕುಡಿಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡಮೇಲೆಯೇ ನಿಜವಾದ ಶ್ರೇಣಿ ಗೊತ್ತಾಗುತ್ತಿತ್ತು. ಪುಸ್ತಕದ ನೋಟ, ಕ್ಷೇತ್ರದ ನೋಟ ಎಂದು ಅವರು ಮಾಡಿದ ವಿಂಗಡಣೆ ಹುಟ್ಟಿದ್ದು ಇಂಥ ಅನುಭವದಿಂದ.

ಈ ಅಧ್ಯಯನಕ್ಕೆ ಒಂದು ದುರಂತದ ಅಡಿಟಿಪ್ಪಣಿಯೂ ಇದೆ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ದುಷ್ಕರ್ಮಿಗಳು ಬೆಂಕಿ ಹಚ್ಚಿದಾಗ, ವರ್ಷಗಳಿಂದ ವಿಂಗಡಿಸಿ ಸಿದ್ಧಪಡಿಸಿದ್ದ ರಾಂಪುರದ ಟಿಪ್ಪಣಿಗಳ ಪ್ರತಿಗಳು ಸುಟ್ಟುಹೋದವು. ಅವರು ಎದೆಗುಂದಲಿಲ್ಲ. ಹೆಚ್ಚಾಗಿ ನೆನಪನ್ನೇ ನಂಬಿ ಬರೆದ ಆ ಹಳ್ಳಿಯ ಚಿತ್ರ 1976ರಲ್ಲಿ ಪುಸ್ತಕವಾಗಿ ಬಂತು. ನೆನಪನ್ನು ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ನಂಬಬಹುದು ಎಂಬ ಚರ್ಚೆಗೆ ಆ ಪುಸ್ತಕ ಇಂದಿಗೂ ಉದಾಹರಣೆಯಾಗಿದೆ.

ಊರಿನ ನಿಜವಾದ ಹೆಸರು ಯಾಕೆ ಬರೆಯುವುದಿಲ್ಲ?

ನಂಬಿ ಮಾತಾಡಿದವರ ಜಗಳ, ಸಾಲ, ಕೂಡಾವಳಿಗಳ ವಿವರ ಅಚ್ಚಾದರೆ ನಾಳೆ ಅವರೇ ತೊಂದರೆಗೆ ಸಿಗುತ್ತಾರೆ ಎಂಬ ಕಾರಣಕ್ಕೆ. ಸುತ್ತಮುತ್ತಲಿನವರು ಗುಪ್ತನಾಮವನ್ನು ಒಂದೇ ದಿನದಲ್ಲಿ ಒಡೆಯುತ್ತಾರೆ ಎಂಬುದೂ ನಿಜ. ಆದ್ದರಿಂದ ಕೆಲವು ಸಂಗತಿಗಳನ್ನು ಬರೆಯದೇ ಬಿಡಬೇಕಾಗುತ್ತದೆ.

## ಜಾತಿ ಮತ್ತು ಬದಲಾವಣೆ

ಸಂಸ್ಕೃತೀಕರಣ ಅಂದರೆ ಬ್ರಾಹ್ಮಣರನ್ನು ನಕಲು ಮಾಡುವುದು, ಅಷ್ಟೇ ಅಲ್ಲವೇ?

ಕೊಡವರನ್ನು ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ರೀನಿವಾಸ್ ಈ ಪದವನ್ನು ಬಳಕೆಗೆ ತಂದಾಗ ಬ್ರಾಹ್ಮಣ ಮಾದರಿಯೇ ಮುಂದಿತ್ತು. ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ಆಚರಣೆಗಳನ್ನು ಬದಲಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನವನ್ನು ಕೇಳುವುದನ್ನು ಅವರು ಹಾಗೆ ಕರೆದರು. ಕ್ಷತ್ರಿಯರೋ ವೈಶ್ಯರೋ ಊರಿನ ಪ್ರಬಲ ಜಾತಿಯೋ ಮಾದರಿಯಾಗಬಹುದು ಎಂದು ಅವರೇ ನಂತರ ವ್ಯಾಖ್ಯೆಯನ್ನು ಹಿಗ್ಗಿಸಿದರು.

ಈ ಏರಿಕೆಯ ಬೆಲೆಯನ್ನು ಬಹುಪಾಲು ತೆತ್ತವರು ಹೆಂಗಸರು. ತೆರ ಕೊಟ್ಟು ಹೆಣ್ಣು ತರುತ್ತಿದ್ದ ಮನೆಗಳಲ್ಲಿ ವರದಕ್ಷಿಣೆ ಬಂತು, ವಿಧವೆಗಿದ್ದ ಕೂಡಿಕೆಯ, ಸೀರೆ ಉಡಿಕೆಯ, ಎಂದರೆ ಮರುಮದುವೆಯ ದಾರಿ ಮುಚ್ಚಿತು. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಒಂದು ಜಾತಿ ಮೆಟ್ಟಿಲು ಹತ್ತಿದರೂ ಏಣಿ ಹಾಗೇ ಉಳಿಯುತ್ತದೆ ಎಂಬುದನ್ನು ಶ್ರೀನಿವಾಸ್ ಒಪ್ಪಿದ್ದರು. ಅಸ್ಪೃಶ್ಯತೆಯ ಗೆರೆಯ ಆಚೆಗೆ ನೂಕಲಾದವರಿಗಂತೂ ಮಾಂಸ ಬಿಟ್ಟ ಮಾತ್ರಕ್ಕೆ ಗೆರೆ ಅಳಿಯಲಿಲ್ಲ. ಪದವನ್ನು ಬಳಸುವವರು ಈ ಮಿತಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಪ್ರಬಲ ಜಾತಿ ಅಂದರೆ ಮೇಲ್ಜಾತಿ ತಾನೇ?

ಅಲ್ಲ, ಪದ ಹುಟ್ಟಿದ್ದೇ ಎರಡನ್ನೂ ಬೇರೆ ಮಾಡಿ ತೋರಿಸಲು. ರಾಂಪುರದಲ್ಲಿ ಆಚರಣೆಯ ಶ್ರೇಣಿಯ ತುದಿಯಲ್ಲಿದ್ದವರು ಬ್ರಾಹ್ಮಣರು, ಊರನ್ನು ನಡೆಸುತ್ತಿದ್ದವರು ಒಕ್ಕಲಿಗರು. ತಲೆಯೆಣಿಕೆ, ಜಮೀನು, ರಾಜಕೀಯ ಬಲ, ತೀರಾ ಕೆಳಗಲ್ಲದ ಶ್ರೇಣಿ, ಜೊತೆಗೆ ಹೊಸ ಕಾಲದ ವಿದ್ಯೆ ಮತ್ತು ನೌಕರಿ ಇವು ಪ್ರಾಬಲ್ಯದ ಲಕ್ಷಣಗಳು. ಇಂದು ಟೀವಿಯಲ್ಲಿ ದಿನವೂ ಕೇಳುವ 'ವೋಟ್ ಬ್ಯಾಂಕ್' ಎಂಬ ಮಾತೂ ಶ್ರೀನಿವಾಸ್ ಅವರ 1955ರ ರಾಂಪುರದ ಪ್ರಬಂಧದಿಂದಲೇ ಬಂದದ್ದು. ಅಲ್ಲಿ ಅದು ಆಶ್ರಿತರ ಮತಗಳನ್ನು ಒಟ್ಟುಗೂಡಿಸಿ ಕೊಡಿಸಬಲ್ಲ ಊರಿನ ಯಜಮಾನನನ್ನು ಸೂಚಿಸುತ್ತಿತ್ತು. ಈಗಿನ ಬೈಗುಳದ ಅರ್ಥ ಆಮೇಲಿನದು.

ಓದಿ, ಪಟ್ಟಣ ಸೇರಿ, ವಿದೇಶಕ್ಕೆ ಹೋದವರೂ ಜಾತಿ ಬಿಟ್ಟಿಲ್ಲವಲ್ಲ, ಯಾಕೆ?

ಓದು ಮತ್ತು ಪಟ್ಟಣಗಳು ಜಾತಿಗೆ ಹೊಸ ಉಪಯೋಗಗಳನ್ನೂ ಒದಗಿಸಿದ್ದರಿಂದ. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತ ವಿದ್ಯಾನಿಧಿಯ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಹಳ್ಳಿಯ ಹುಡುಗನೊಬ್ಬ ಬೆಂಗಳೂರಿಗೋ ಮೈಸೂರಿಗೋ ಓದಲು ಬಂದರೆ ತಲೆಗೊಂದು ಸೂರು, ಹೊತ್ತಿಗೊಂದು ಊಟ ಸಿಗುತ್ತಿದ್ದುದು ತನ್ನ ಜಾತಿಯ ವಿದ್ಯಾರ್ಥಿನಿಲಯದಲ್ಲಿ. ಊರಿನಲ್ಲಿ ಉಪಪಂಗಡವನ್ನೇ ತನ್ನವರೆಂದು ತಿಳಿದಿದ್ದವನು ಇಲ್ಲಿ ಇಡೀ ಸಂಸ್ಥಾನಕ್ಕೆ ಹರಡಿದ ದೊಡ್ಡ ಜಾತಿಯ ಸದಸ್ಯನಾದ. ಹಿಂದುಳಿದ ಜಾತಿಗಳಿಗೆ ನೌಕರಿಯಲ್ಲಿ ಪಾಲು ಕೊಡುವ ವಿಷಯವನ್ನು ಪರಿಶೀಲಿಸಲು ಸಂಸ್ಥಾನ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯ ನಂತರ ಸರ್ಕಾರಿ ನೌಕರಿಯ ಪಾಲಿನ ಪ್ರಶ್ನೆಯೂ ಇದಕ್ಕೆ ಸೇರಿತು. ಸಹಭೋಜನದ ಕಟ್ಟುಪಾಡು ಹೋಟೆಲುಗಳ ಕಾಲದಲ್ಲಿ ಬೇಗ ಸಡಿಲವಾಯಿತು. ಮದುವೆಯ ಕಟ್ಟುಪಾಡು ಹಾಗೆ ಸಡಿಲವಾಗಲಿಲ್ಲ. 2011–12ರ ಭಾರತೀಯ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆಗಳ ಪ್ರಮಾಣ ಶೇಕಡಾ 5ರ ಆಸುಪಾಸಿನಲ್ಲಿತ್ತು.

## ಇನ್ನಷ್ಟು ಆಳಕ್ಕೆ

ಇಂಥ ತಾಲ್ಲೂಕಿನಲ್ಲಿ ಇಂಥ ಜನ ಹೆಚ್ಚು, ಅಲ್ಲಿ ಇಂಥ ಪಕ್ಷ ಗೆದ್ದಿತು. ಹಾಗಾದರೆ ಅವರೇ ಮತ ಹಾಕಿದ್ದಾರೆ ಎಂದಲ್ಲವೇ?

ಹಾಗೆ ಹೇಳಲು ಬರುವುದಿಲ್ಲ. ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲಿ ಅಮೆರಿಕದ 1930ರ ಜನಗಣತಿಯನ್ನು ಹಿಡಿದು ಇದನ್ನು ತೋರಿಸಿದರು. ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಸಾಕ್ಷರತೆಯೂ ಹೆಚ್ಚಿತ್ತು. ಬಿಡಿ ವ್ಯಕ್ತಿಗಳನ್ನು ನೋಡಿದರೆ ಸ್ಥಳೀಯರಿಗಿಂತ ವಲಸಿಗರಲ್ಲೇ ಅನಕ್ಷರಸ್ಥರು ಹೆಚ್ಚು. ಬಂದವರು ಮೊದಲೇ ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೇ. ಪ್ರದೇಶದ ಸರಾಸರಿಯಿಂದ ವ್ಯಕ್ತಿಯ ನಡತೆಯನ್ನು ಊಹಿಸುವ ಈ ತಪ್ಪು ಚುನಾವಣೆಯ ರಾತ್ರಿಯ ವಿಶ್ಲೇಷಣೆಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ಅಧ್ಯಯನ ಮಾಡುವವರೂ ಒಂದು ಜಾತಿಯವರೇ. ಅವರ ಮಾತು ನಿಷ್ಪಕ್ಷಪಾತ ಹೇಗಾಗುತ್ತದೆ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೆಣಕಲು ಕೇಳುತ್ತಾರಾದರೂ ಇದು ಕೇಳಲೇಬೇಕಾದ ಪ್ರಶ್ನೆ. ರಾಂಪುರದಲ್ಲಿ ಶ್ರೀನಿವಾಸ್ ಉಳಿದದ್ದು ಊರ ಯಜಮಾನನಿಗೆ ಸೇರಿದ ಕಟ್ಟಡದಲ್ಲಿ, ಊರಿನವರು ಅವರನ್ನು ಕಂಡದ್ದು ಬ್ರಾಹ್ಮಣನೆಂದು. ದಲಿತರ ಕೇರಿಯಲ್ಲಿ ಉಳಿದಿದ್ದರೆ ಅದೇ ಊರು ಬೇರೆಯಾಗಿ ಕಾಣುತ್ತಿತ್ತು.

ಆ ಬೇರೆ ನೋಟ ಹೇಗಿರುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವಿದೆ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಗೋಷ್ಠಿಯಲ್ಲಿ ಬಿ. ಆರ್. ಅಂಬೇಡ್ಕರ್ ಜಾತಿಯ ಕುರಿತು ಪ್ರಬಂಧ ಓದಿದರು. ಮಡಿ ಮೈಲಿಗೆಯನ್ನು ಜಾತಿಯ ತಿರುಳೆಂದು ಹೇಳುತ್ತಿದ್ದವರ ನಡುವೆ ಅವರು ಒಳಬಾಂಧವ್ಯದ ಮದುವೆಯನ್ನು, ಎಂದರೆ ತನ್ನ ಗುಂಪಿನೊಳಗೇ ಮದುವೆಯಾಗಬೇಕೆಂಬ ಕಟ್ಟನ್ನು ತಿರುಳೆಂದು ಗುರುತಿಸಿದರು. ಬಾಗಿಲು ಹಾಕಿಕೊಂಡ ವರ್ಗವೇ ಜಾತಿ. ಹಾಗೆ ಬಾಗಿಲು ಹಾಕಿದ ಗುಂಪಿನಲ್ಲಿ ಗಂಡ ಸತ್ತ ಹೆಣ್ಣು, ಹೆಂಡತಿ ಸತ್ತ ಗಂಡು 'ಹೆಚ್ಚುವರಿ'ಯಾಗಿ ಉಳಿಯುತ್ತಾರೆ. ಅವರು ಗುಂಪಿನ ಗಡಿ ದಾಟದಂತೆ ತಡೆಯುವ ಉಪಾಯಗಳಾಗಿ ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹಗಳು ಬಂದವು ಎಂದು ಅವರು ವಾದಿಸಿದರು. ಮೆಟ್ಟಿಲಿನ ಮೇಲೆ ನಿಂತವರು ಶ್ರೇಣಿಯನ್ನು ನೋಡಿದರು, ಹೊರಗೆ ನಿಂತವರಿಗೆ ಬಾಗಿಲು ಕಂಡಿತು. ಎಲ್ಲಿ ನಿಂತು ನೋಡಿದೆ ಎಂಬುದನ್ನು ಸಂಶೋಧಕ ಬರೆದು ತಿಳಿಸಬೇಕು, ಬೇರೆ ಕಡೆ ನಿಂತವರ ವರದಿಯೊಂದಿಗೆ ಅದನ್ನು ಹೋಲಿಸಲು ಓದುಗರಿಗೆ ಅವಕಾಶವಿರಬೇಕು. ಇದಕ್ಕಿಂತ ಹೆಚ್ಚಿನ ನಿಷ್ಪಕ್ಷಪಾತವನ್ನು ಯಾರಾದರೂ ಹೇಳಿಕೊಂಡರೆ ನಾನು ಅನುಮಾನಿಸುತ್ತೇನೆ.

ಗ್ರಹಣವನ್ನು ಮೊದಲೇ ಹೇಳುವ ಹಾಗೆ ಜನರ ನಡತೆಯನ್ನೂ ಮೊದಲೇ ಹೇಳಬಹುದೇ?

ದೊಡ್ಡ ಗುಂಪುಗಳ ವಿಷಯದಲ್ಲಿ ಸ್ವಲ್ಪ ಮಟ್ಟಿಗೆ ಹೇಳಬಹುದು. ಹೆಣ್ಣುಮಕ್ಕಳ ಶಾಲಾ ವರ್ಷಗಳು ಹೆಚ್ಚಾದಂತೆ ಮದುವೆಯ ವಯಸ್ಸು ಏರುವುದು, ಹೆರಿಗೆಗಳ ಸಂಖ್ಯೆ ಇಳಿಯುವುದು ಲೋಕದ ಅನೇಕ ಕಡೆ ಕಂಡುಬಂದಿದೆ. ಆದರೆ ಗ್ರಹಣಕ್ಕೆ ಪಂಚಾಂಗದ ಮಾತು ಕೇಳಿಸುವುದಿಲ್ಲ, ಜನರಿಗೆ ಕೇಳಿಸುತ್ತದೆ. ಒಂದು ಸಹಕಾರಿ ಬ್ಯಾಂಕ್ ಮುಳುಗುತ್ತದಂತೆ ಎಂದು ಸಂತೆಯಲ್ಲಿ ಯಾರೋ ಅಂದದ್ದನ್ನು ನಂಬಿ ಠೇವಣಿದಾರರೆಲ್ಲ ಒಂದೇ ಬೆಳಗ್ಗೆ ಸಾಲು ನಿಂತರೆ, ಹಿಂದಿನ ಸಂಜೆಯವರೆಗೆ ಗಟ್ಟಿಯಾಗಿದ್ದ ಬ್ಯಾಂಕೂ ಮಧ್ಯಾಹ್ನದೊಳಗೆ ಬಾಗಿಲು ಹಾಕಬೇಕಾಗುತ್ತದೆ. ರಾಬರ್ಟ್ ಮರ್ಟನ್ 1948ರಲ್ಲಿ ಬ್ಯಾಂಕಿನ ಇಂಥದ್ದೇ ಉದಾಹರಣೆ ಕೊಟ್ಟು, ಹೇಳಿದ್ದರಿಂದಲೇ ನಿಜವಾಗುವ ಭವಿಷ್ಯವಾಣಿಯನ್ನು ವಿವರಿಸಿದರು. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ಗೆಲುವು ಖಚಿತ ಎಂಬ ಸಮೀಕ್ಷೆಯನ್ನು ಓದಿ ಬೆಂಬಲಿಗರು ಮತಗಟ್ಟೆಗೆ ಹೋಗದೆ ಮನೆಯಲ್ಲೇ ಉಳಿದರೆ ಆ ಸಮೀಕ್ಷೆ ತನ್ನನ್ನು ತಾನೇ ಸುಳ್ಳಾಗಿಸಿಕೊಳ್ಳುತ್ತದೆ.